ಎಡಗಡೆ ಜೇಬಿನ ಬ್ಲೌಸು

"ಕೈ ಕೊಡ್ರಿ, ಕಲ್ಲು ಜಾರ್ತೈತೆ!"

ಬಕ್ಕೇಶ್ ಕೈ ಚಾಚಿದ. ಆಶಾರಾಣಿ ಆ ಕೈ ನೋಡಿದಳು. ಹಿಡಿಯಲಿಲ್ಲ. ತಾನೇ ಇಳಿಯುತ್ತೇನೆ ಎಂದು ಹೆಜ್ಜೆ ಇಟ್ಟಳು, ನೋಡಿ... ಎರಡು ಸಾವಿರ ವರ್ಷ ಹಳೆಯ ಮೆಟ್ಟಿಲು, ಮೇಲೆ ಸುರಿಯುವ ಮಳೆ! ಸರ್ರನೆ ಜಾರಿ ಅವನ ತೋಳಿಗೇ ಬಂದು ಬಿದ್ದಳು.

"ಬಿಡ್ರಿ," ಎಂದಳು, ಅವನ ಮುಖ ನೋಡದೆ.

"ಬಿಟ್ರೆ ಬೀಳ್ತೀರಿ."

"ಬಿದ್ರೆ ಬೀಳ್ತೀನಿ. ಬಿಡ್ರಿ ಅಂದೆ!"

ಬಕ್ಕೇಶ್ ತೋಳು ಸಡಿಲಿಸಿದ. ಪಾಪ, ಅವನಿಗೆ ಒಂದೂ ಅರ್ಥವಾಗಲಿಲ್ಲ. ನಿನ್ನೆ ಸಂಜೆಯವರೆಗೂ ಹಡಗಿನ ಡೆಕ್ ಮೇಲೆ ತನ್ನ ಪಕ್ಕ ಕೂತು, ಊರಿಂದ ತಂದಿದ್ದ ಖಾರ ಮಂಡಕ್ಕಿ ಮುಕ್ಕುತ್ತಾ ನಕ್ಕವಳು ಇವಳೇನಾ?

'ನಾನೇನು ತಪ್ಪು ಮಾಡಿದೆ?' ಎಂದು ಅವನು ಯೋಚಿಸುತ್ತಿದ್ದ.

ತಪ್ಪು ಮಾಡಿದ್ದು ಅವನಲ್ಲ. ಆಶಾರಾಣಿ.

ದಸರಾ ಮುಗಿಸಿ ಹೊರಟಿದ್ದ ಇಪ್ಪತ್ತೆರಡು ಜನರ ಗುಂಪು ಅದು, ಎಲ್ಲರೂ ದಾವಣಗೆರೆ, ಹರಿಹರದವರೇ. ಗ್ರೀಸ್ ಸುತ್ತಿಸುವ ಹಡಗು ಬೆಳಗ್ಗೆ ದಡಕ್ಕೆ ಬಂದಿತ್ತು. ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂರಿಸಿ ಒಲಿಂಪಿಕ್ ಆಟ ಹುಟ್ಟಿದ ಒಲಿಂಪಿಯಾ ಎಂಬ ಈ ಪಾಳುಕಲ್ಲುಗಳ ಊರಿಗೆ ಕರೆತಂದು ಬಿಟ್ಟಿದ್ದರು. ಸಂಜೆ ಐದಕ್ಕೆ ವಾಪಸ್ ಹಡಗು ಹತ್ತಬೇಕು. ಇಳಿದ ಕೂಡಲೇ ಮಳೆ ಹಿಡಿದಿತ್ತು.

ಐದು ವರ್ಷದ ಚೀಟಿ ಹಣ ಎತ್ತಿ ಬಂದಿದ್ದ ಆಶಾರಾಣಿಯ ಜೊತೆಗಿದ್ದವಳು ಅವಳ ಬಾಲ್ಯದ ಗೆಳತಿ ಚೈತ್ರಾ, ಬ್ಯಾಂಕಿನಲ್ಲಿ ಕೆಲಸ. ಬಕ್ಕೇಶ್ ಜೊತೆ ಅವನ ಜೀವದ ಗೆಳೆಯ ಮುದಸ್ಸಿರ್. ಅವರಿಬ್ಬರೂ ಮುಂದೆ ಮುಂದೆ ಫೋಟೋ ತೆಗೆಯುತ್ತಾ ಹೋಗಿಬಿಟ್ಟಿದ್ದರು. ಬೇಕಂತಲೇ! ನಾಲ್ಕು ದಿನದಿಂದ ಈ ಇಬ್ಬರ ಕಣ್ಣಾಟ ನೋಡಿ ಅವರಿಗೂ ಸಾಕಾಗಿತ್ತು.

ಗೈಡ್ ಹೆಂಗಸು ಒಂದು ಕಲ್ಲುಪೀಠಗಳ ಸಾಲಿನ ಮುಂದೆ ನಿಂತು ವಿವರಿಸಿದಳು. ಹಿಂದೆ ಇವುಗಳ ಮೇಲೆ ಕಂಚಿನ ವಿಗ್ರಹಗಳಿದ್ದವಂತೆ. ಆಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರಿಗೆ ದಂಡ ಹಾಕಿ, ಅದರಿಂದಲೇ ಮಾಡಿಸಿದ ವಿಗ್ರಹಗಳು. ಮಾಡಿದ ಮೋಸವನ್ನು ಪೀಠದ ಮೇಲೆ ಕೆತ್ತಿಸುತ್ತಿದ್ದರಂತೆ. ಮೈದಾನಕ್ಕೆ ಹೋಗುವವರೆಲ್ಲ ಅದನ್ನು ಓದಿಕೊಂಡೇ ಮುಂದೆ ಹೋಗಬೇಕು!

ಬಕ್ಕೇಶ್ ಜೋರಾಗಿ ನಕ್ಕ.

"ನಮ್ಮೂರಲ್ಲೂ ಹಿಂಗೊಂದು ಕಲ್ಲು ನಿಲ್ಲಿಸಬೇಕು ನೋಡ್ರಿ. ನನಗೆ ಎಲ್ಲೋ ಒಬ್ಬಾಕಿ ಅದಾಳೆ, ಒಂದು ಕೂಸೂ ಐತೆ ಅಂತ ಸುದ್ದಿ ಹಬ್ಬಿಸಿದ ಪುಣ್ಯಾತ್ಮರ ಹೆಸರು ಕೆತ್ತಿಸ್ತೀನಿ!"

ಆಶಾರಾಣಿ ಪೀಠಗಳ ಕಡೆ ನೋಡಲಾರದೆ ಮುಖ ತಿರುಗಿಸಿದಳು.

'ಆ ಹೆಸರು ನಂದೇ ಕಣ್ರಿ ಬಕ್ಕೇಶ್... ನಂದೇ!'

ಏನು ನಡೆದಿತ್ತು ಅಂತೀರಾ? ಹೇಳುತ್ತೇನೆ.

ಆಶಾರಾಣಿಗೆ ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ. ಕೈ ಚೆನ್ನಾಗಿದೆ. ಬಾಯಿ... ಸ್ವಲ್ಪ ಜಾಸ್ತಿ. ನಮ್ಮ ಕಡೆ ಹೆಣ್ಣು ಹೆತ್ತವರು ಗಂಡಿನ ಮನೆ ವಿಚಾರಿಸಬೇಕೆಂದರೆ ಮೊದಲು ಹೋಗುವುದೇ ಟೈಲರ್ ಹತ್ತಿರ. ಯಾರ ಮನೆಯಲ್ಲಿ ಅತ್ತೆ ಜೋರು, ಯಾರ ಮನೆಯಲ್ಲಿ ಸೊಸೆ ಸೊರಗಿದಳು, ಎಲ್ಲವೂ ಅಳತೆ ಟೇಪಿಗೆ ಗೊತ್ತಿರುತ್ತದಲ್ಲ!

ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಬಕ್ಕೇಶನ ಮನೆಯ ಬ್ಲೌಸುಗಳೆಲ್ಲ ಅವಳ ಹತ್ತಿರವೇ ಬರುತ್ತಿದ್ದವು. ತಾಯಿ ಗುರುಶಾಂತಮ್ಮನ ಅಳತೆ, ತಂಗಿ ಬಿಂದುವಿನ ಅಳತೆ ಅವಳಿಗೆ ಬಾಯಿಪಾಠ. ತಂದುಕೊಡುವುದು, ಒಯ್ಯುವುದು ಬಕ್ಕೇಶನ ಕೆಲಸ. ಅವನು ಬರುವ ದಿನ ಆಶಾರಾಣಿ ಹೂ ಮುಡಿದು ಕೂರುತ್ತಿದ್ದಳು. ಇದು ಚೈತ್ರಾಗೂ ಗೊತ್ತಿಲ್ಲ!

ಎರಡು ವರ್ಷದ ಹಿಂದೆ ಒಂದು ದಿನ ಅವನು ಬಂದವನೇ ತಗ್ಗಿದ ದನಿಯಲ್ಲಿ ಹೇಳಿದ್ದ.

"ಇದೊಂದು ಬ್ಲೌಸ್ ಅಳತೆಗೆ ಐತೆ. ಇದರಂಗೆ ನಾಲ್ಕು ಹೊಲೀರಿ. ಒಳಗೆ ಮೆತ್ತನೆ ಹತ್ತಿ ಬಟ್ಟೆ ಹಾಕ್ರಿ. ಎಡಗಡೆ ಒಳಗೊಂದು ಸಣ್ಣ ಜೇಬು ಇರ್ಲಿ. ಎಡತೋಳು ಸಡಿಲ ಬಿಡ್ರಿ. ಮತ್ತೆ... ಯಾರಿಗೂ ಹೇಳ್ಬ್ಯಾಡ್ರಿ."

ಸಣ್ಣ ಮೈಯವರ ಅಳತೆ. ಆ ಮನೆಯಲ್ಲಿ ಅಷ್ಟು ಸಣ್ಣಗಿರುವವರು ಯಾರೂ ಇಲ್ಲ. ಒಳಗೆ ಮೆತ್ತನೆ ಬಟ್ಟೆ, ಹಾಲು ಹೀರುವ ಬಟ್ಟೆ ಇಡಲು ಜೇಬು... ಇದು ಬಾಣಂತಿಯ ಬ್ಲೌಸು ಎಂದು ಆಶಾರಾಣಿ ತೀರ್ಮಾನಿಸಿಬಿಟ್ಟಳು. ಹಾಗಾದರೆ ಇವನಿಗೆ ಎಲ್ಲೋ ಒಬ್ಬಳು ಇದ್ದಾಳೆ! ಅವತ್ತು ಅವಳು ಮುಡಿದ ಹೂ ಕಿತ್ತು ಬಿಸಾಡಿದ್ದಳು.

ತಿಂಗಳೊಳಗೆ ಅವಳ ಗಿರಾಕಿಯೊಬ್ಬಳು ಅಂಗಡಿಗೆ ಬಂದಳು, ಕೃತಿಕಾ ಎಂಬ ಹುಡುಗಿಯ ತಾಯಿ. "ಹರಿಹರದ ಬಕ್ಕೇಶನ ಸಂಬಂಧ ಬಂದೈತೆ ಕಣೆ. ಹುಡುಗ ಹೆಂಗೆ?"

ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು.

"ಹುಡುಗ ಒಳ್ಳೇನೇ ರೀ... ಆದ್ರೆ ಯಾರೋ ಬಾಣಂತಿಗೆ ಕದ್ದು ಬ್ಲೌಸ್ ಹೊಲಿಸ್ತಾನೆ. ನೋಡ್ಕೊಂಡು ಮಾಡ್ರಿ," ಎಂದಿದ್ದಳು.

ಅಷ್ಟೇ. ಒಂದು ಸಂಬಂಧ ಹೋಯಿತು. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಆಮೇಲೆ ಇನ್ನೆರಡು ಸಂಬಂಧ ಬಂದ ದಾರಿಯಲ್ಲೇ ವಾಪಸ್ ಹೋದವು.

ಇವನಿಗೆ ಒಬ್ಬಳಿದ್ದಾಳೆ ಎಂದು ನಂಬಿದ್ದರೂ ಹಡಗಿನಲ್ಲಿ ಅವನ ಪಕ್ಕ ಕೂರದೆ ಇರಲು ಅವಳಿಂದ ಆಗಿರಲಿಲ್ಲ. ನಿಜ ಅವಳಿಗೆ ಗೊತ್ತಾಗಿದ್ದು ನಿನ್ನೆ ಸಂಜೆ. ಡೆಕ್ ಮೇಲೆ ಬಕ್ಕೇಶ್ ತಾನಾಗಿಯೇ ಹೇಳಿದ್ದ. ತಾಯಿಗೆ ಕ್ಯಾನ್ಸರ್ ಆಗಿತ್ತಂತೆ. ಎಡಗಡೆಯ ಮೊಲೆ ತೆಗೆದಿದ್ದರಂತೆ, ಆ ಜಾಗ ತುಂಬುವ ಮೆತ್ತೆ ಇಡಲು ಆ ಜೇಬಂತೆ. ಔಷಧಿಗೆ ಮೈ ಅರ್ಧ ಇಳಿದು ಹೋಗಿತ್ತು, ಎಡಗೈ ಬಾತಿತ್ತು. "ಬಿಂದು ಮದುವೆ ಆಗೋತನಕ ಯಾರಿಗೂ ತಿಳೀಬಾರ್ದು ಅಂತ ಅವ್ವ ಆಣೆ ಹಾಕಿಸ್ಕೊಂಡಿದ್ಲು. ಈಗ ಬಿಂದು ಮದುವೆ ಆತು. ಅವ್ವಾನೂ ಆರಾಮದಾಳೆ. ಅದಕ್ಕ ನಿಮಗೆ ಹೇಳ್ದೆ. ನೀವೇ ಅಲ್ವಾ ಬ್ಲೌಸ್ ಹೊಲಿದೋರು!"

ಎಡಗಡೆ ಮಾತ್ರ ಜೇಬು. ಬಾಣಂತಿಗೆ ಒಂದೇ ಕಡೆ ಜೇಬು ಯಾಕೆ ಎಂದು ಹದಿನೈದು ವರ್ಷದಿಂದ ಕತ್ತರಿ ಹಿಡಿದವಳು ಒಂದು ಸಲ ಯೋಚಿಸಿದ್ದರೆ ಸಾಕಿತ್ತು!

ಕ್ಯಾಬಿನ್ನಿಗೆ ಓಡಿ ಹೋಗಿ ಚೈತ್ರಾಳ ತೊಡೆಯ ಮೇಲೆ ಮುಖವಿಟ್ಟು ಅತ್ತಿದ್ದಳು. ಅಳುತ್ತಲೇ ಎಲ್ಲ ಹೇಳಿದ್ದಳು. ಹೂವಿನ ವಿಷಯ ಒಂದು ಬಿಟ್ಟು.

"ಲೇ, ಬಾಯಿ ಮುಚ್ಕೊಂಡಿರು," ಎಂದಿದ್ದಳು ಚೈತ್ರಾ. "ಅವನಿಗೆ ಗೊತ್ತಿಲ್ಲ. ಅವನ ಕಣ್ಣು ನೋಡಿದ್ರೆ ಇವತ್ತೋ ನಾಳೆನೋ ಕೇಳೇಬಿಡ್ತಾನೆ. ಹೂಂ ಅಂದ್ಬಿಡು. ಮದುವೆ ಮುರಿದೋಳೇ ಮದುವೆ ಆದ್ರೆ ಲೆಕ್ಕ ಸಮ ಆತಲ್ಲ!"

ಸಮ ಆಗುತ್ತದೆಯೇ? ಆಶಾರಾಣಿಗೆ ನಿದ್ದೆ ಬಂದಿರಲಿಲ್ಲ.

ಪೀಠಗಳ ಸಾಲು ದಾಟಿದರೆ ಮೈದಾನಕ್ಕೆ ಹೋಗುವ ಒಂದು ಕಲ್ಲಿನ ಕಮಾನು. ಮಳೆ ರಪರಪ ಜೋರಾಯಿತು. ಇಬ್ಬರೂ ಅದರಡಿಗೆ ಓಡಿದರು. ಉಳಿದವರೆಲ್ಲ ಮ್ಯೂಸಿಯಂ ಕಡೆ ಓಡಿದ್ದರು.

ಬಕ್ಕೇಶ್ ಕೊಡೆ ಮಡಚಿ, ಒದ್ದೆ ಕೂದಲು ಹಿಂದಕ್ಕೆ ತಳ್ಳಿಕೊಂಡ. ಗಿರಣಿಯಲ್ಲಿ ಮೂವತ್ತು ಆಳುಗಳನ್ನು ಕೂಗಿ ಮಾತಾಡಿಸುವವನ ದನಿ ಈಗ ಮಳೆಯ ಸದ್ದಿಗಿಂತ ಸಣ್ಣದಾಗಿತ್ತು.

"ಆಶಾರಾಣಿಯವ್ರೆ, ನನಗೆ ಸುತ್ತಿ ಬಳಸಿ ಮಾತಾಡಾಕೆ ಬರಲ್ಲ. ಬೆಳಗ್ಗೆ ಅವ್ವಗೆ ಫೋನ್ ಮಾಡಿದ್ದೆ. ನಿಮ್ಮ ವಿಷಯ ಹೇಳ್ದೆ."

"ನನ್ನ... ವಿಷಯಾನಾ?"

"ಹೂಂ. ಅವ್ವ ಏನಂದ್ಲು ಗೊತ್ತೇನ್ರಿ? 'ಆಪರೇಷನ್ ಆದ ಮ್ಯಾಲೆ ಮೂರು ತಿಂಗಳು ನಾನು ಕನ್ನಡಿ ಮುಂದೆ ನಿಂತಿರಲಿಲ್ಲ ಕಣಪ್ಪ. ಆಕಿ ಹೊಲಿದ ಬ್ಲೌಸ್ ಹಾಕ್ಕೊಂಡ ದಿನ ನಿಂತೆ. ಆ ಕೈ ನಮ್ಮನಿಗೆ ಬರ್ತೈತೆ ಅಂದ್ರೆ ಬ್ಯಾಡ ಅಂತೀನಾ?' ಅಂದ್ಲು."

ಆಶಾರಾಣಿ ಗೋಡೆಗೆ ಒರಗಿದಳು.

"ನನ್ನ ಮದುವೆ ಆಗ್ತೀರಾ?"

ಅಯ್ಯೋ ದೇವರೇ! ಈ ಒಂದು ಮಾತಿಗೆ ಎಷ್ಟು ವರ್ಷ ಹೂ ಮುಡಿದು ಕಾದಿದ್ದಳು! ಹೂಂ ಎಂದರೆ ಸಾಕು. ಆ ತಾಯಿ ಅವಳ ಕೈಗೆ ಮುತ್ತಿಡುತ್ತಾಳೆ. ಈ ಗಂಡಸು ಜೀವನಪೂರ್ತಿ ಅವಳನ್ನು ನಂಬುತ್ತಾನೆ. ಸುಳ್ಳನ್ನೇ ನಂಬುತ್ತಾನೆ...

'ಹೇಳಬ್ಯಾಡ ಆಶಾ, ಹೇಳಿದ್ರೆ ಹೋದ ಅಂತ ತಿಳ್ಕೊ.'

"ನಾನೇ," ಎಂದಳು.

"ಏನು?"

"ಆ ಸುದ್ದಿ ಹಬ್ಬಿಸಿದೋಳು ನಾನೇ. ಕೃತಿಕಾನ ತಾಯಿಗೆ ನಾನೇ ಹೇಳಿದ್ದು, ಯಾರೋ ಬಾಣಂತಿಗೆ ಕದ್ದು ಬ್ಲೌಸ್ ಹೊಲಿಸ್ತಾನೆ ಅಂತ. ನನಗೆ ಅಮ್ಮಾರ ಕಾಯಿಲೆ ಗೊತ್ತಿರಲಿಲ್ಲ. ಗೊತ್ತಿಲ್ದೇ ಇದ್ರೂ ಹೇಳಬಾರ್ದಿತ್ತು. ನಿಮ್ಮ ಮೂರು ಸಂಬಂಧಾನೂ ಮುರಿದಿದ್ದು ನನ್ನ ಬಾಯಿ, ಬಕ್ಕೇಶ್!"

ಬಕ್ಕೇಶ್ ನಗಲು ನೋಡಿದ. ತಮಾಷೆ ಇರಬಹುದೇನೋ ಎಂದು. ಅವಳ ಮುಖ ನೋಡಿ ನಗು ನಿಂತುಹೋಯಿತು.

"ಯಾರಿಗೂ ಹೇಳ್ಬ್ಯಾಡ್ರಿ ಅಂದಿದ್ದೆ..."

"ಅಂದಿದ್ರಿ."

"ಮೂರನೇ ಸಂಬಂಧ ತಪ್ಪಿದ ದಿನ ಅವ್ವ ಊಟ ಬಿಟ್ಲು. ನಂದೇ ದರಿದ್ರ, ನನ್ನ ರೋಗದ ಶನಿ ನಿನಗೂ ಹತ್ತಿತು ಅಂತ ಎದೆ ಎದೆ ಬಡ್ಕೊಂಡ್ಲು. ಹೊಲಿಗೆ ಹಾಕಿದ ಎದೆ ರೀ ಅದು!"

ಆಶಾರಾಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳು ತಡೆಯಲಾಗಲಿಲ್ಲ. ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳುವುದು?

ಅವನು ಕೊಡೆಯನ್ನು ಅವಳ ಪಕ್ಕ ಗೋಡೆಗೆ ಒರಗಿಸಿ, ನೆನೆಯುತ್ತಲೇ ನಡೆದುಹೋದ. ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅವನು ಮುಂದೆ ಮುದಸ್ಸಿರ್ ಪಕ್ಕ ಕೂತ. ಇವಳು ಹಿಂದೆ.

"ಬಾಯಿ ಮುಚ್ಕೊಂಡಿರು ಅಂದಿದ್ನಲ್ಲೇ!" ಚೈತ್ರಾ ಪಿಸುಗುಟ್ಟಿದಳು.

"ಎರಡು ವರ್ಷದ ಹಿಂದೆ ಮುಚ್ಕೋಬೇಕಿತ್ತು ಕಣೆ. ಈಗ ಮುಚ್ಕೊಂಡು ಏನ್ ಮಾಡ್ಲಿ?"

ಉಳಿದ ಮೂರು ದಿನ ಹಡಗಿನಲ್ಲಿ ಒಂದು ಮಾತಿಲ್ಲ. ಊಟದ ಹಾಲಿನಲ್ಲಿ ಎದುರಾದರೆ ಅವನು ತಟ್ಟೆ ಹಿಡಿದು ಬೇರೆ ಕಡೆ ಹೋಗುತ್ತಿದ್ದ. ಮುದಸ್ಸಿರ್ ಮಾತ್ರ ಒಮ್ಮೆ ಹತ್ತಿರ ಬಂದು, "ಅಕ್ಕಾ, ಅವನಿಗೆ ಸಿಟ್ಟಿಗಿಂತ ನೋವು ಜಾಸ್ತಿ ಆಗೈತೆ. ಸ್ವಲ್ಪ ದಿನ ಬಿಟ್ಬಿಡ್ರಿ," ಎಂದ.

ದಾವಣಗೆರೆಗೆ ಬಂದರೆ ದೀಪಾವಳಿಯ ಹೊಲಿಗೆ! ಅಂಗಡಿ ತುಂಬ ಹೆಂಗಸರು. ಆ ಬಾರ್ಡರ್, ಈ ಲೇಸು, ನನ್ನದು ಮೊದಲು ಕೊಡು ಎಂದು ಗಲಾಟೆ. ಕೃತಿಕಾಳ ತಾಯಿಯೂ ಆರು ಬ್ಲೌಸ್ ಪೀಸ್ ಹಿಡಿದು ಬಂದಿದ್ದಳು.

ಆಶಾರಾಣಿ ಮಷೀನ್ ನಿಲ್ಲಿಸಿದಳು. ಎದ್ದು ನಿಂತಳು.

"ಎಲ್ಲಾರೂ ಒಂದು ನಿಮಿಷ ಕೇಳ್ರಿ. ಹರಿಹರದ ಬಕ್ಕೇಶ್ ಬಗ್ಗೆ ಎರಡು ವರ್ಷದ ಹಿಂದೆ ನಾನೊಂದು ಮಾತು ಹೇಳಿದ್ದೆ. ನೀವೆಲ್ಲಾ ಕೇಳೀರಿ. ಅದು ಸುಳ್ಳು. ಅವರಿಗೆ ಯಾರೂ ಇಲ್ಲ, ಕೂಸೂ ಇಲ್ಲ. ನಾನು ತಪ್ಪು ತಿಳ್ಕೊಂಡು, ನೋಡಿದಂಗೆ ಹೇಳ್ದೆ."

ಲೇಸು ಆರಿಸುತ್ತಿದ್ದವರೆಲ್ಲ ತಲೆ ಎತ್ತಿದರು.

"ಹಂಗಾದ್ರೆ ಆ ಬ್ಲೌಸ್ ಯಾರದು?" ಕೃತಿಕಾಳ ತಾಯಿ ಕಣ್ಣು ಕಿರಿದು ಮಾಡಿದಳು.

"ಅದು ನಾನು ಹೇಳೋ ಮಾತಲ್ಲ ರೀ. ಅವತ್ತೂ ಹೇಳಬಾರ್ದಿತ್ತು, ಇವತ್ತೂ ಹೇಳಲ್ಲ."

"ಭಲೇ! ನಿನ್ನ ಮಾತು ನಂಬಿ ಒಳ್ಳೇ ಸಂಬಂಧ ಬಿಟ್ವಿ. ಅವತ್ತು ಅವರ ಬಗ್ಗೆ ಹೇಳ್ದೋಳು, ನಾಳೆ ನಮ್ಮ ಬಗ್ಗೆ ಏನು ಹೇಳ್ತೀಯೋ!" ಆಕೆ ಪೀಸುಗಳನ್ನು ಬಾಚಿಕೊಂಡು ಹೊರಟಳು. ಅವಳ ಹಿಂದೆ ಇನ್ನೂ ನಾಲ್ವರು.

ಹಬ್ಬದ ಹೊತ್ತಿಗೆ ತಲೆ ಎತ್ತಲು ಪುರಸೊತ್ತಿಲ್ಲದ ಅಂಗಡಿಯಲ್ಲಿ ಅವತ್ತಿನಿಂದ ಎರಡು ಮೂರು ಗಿರಾಕಿ. ಆಶಾರಾಣಿ ಯಾರನ್ನೂ ಬೈಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಆರನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ಗುರುಶಾಂತಮ್ಮ. ಹಣೆಯ ತುಂಬ ವಿಭೂತಿ, ಕಂಚಿ ಸೀರೆ, ಮೊದಲಿಗಿಂತ ಬಹಳ ಸೊರಗಿದ ಮೈ. ಅಂಗಡಿಯೊಳಗೆ ಇಬ್ಬರು ಗಿರಾಕಿ ಹೆಂಗಸರು ಕೂತಿದ್ದರು.

"ಅಮ್ಮಾರೆ..." ಆಶಾರಾಣಿ ಎದ್ದಳು. ಹೋಗಿ ಕಾಲು ಹಿಡಿದಳು.

ಗುರುಶಾಂತಮ್ಮ ಎತ್ತಲಿಲ್ಲ, ಒದೆಯಲೂ ಇಲ್ಲ.

"ನನ್ನ ಮಗನ ಬಾಳಲ್ಲಿ ಎರಡು ವರ್ಷ ತಿಂದುಬಿಟ್ಟೀ ನೀನು," ಎಂದರು. "ಫೋನಿನ್ಯಾಗೆ ನಿನ್ನ ಹೊಗಳಿದ ಬಾಯಿಲೇ ನಿನಗೆ ಶಾಪ ಹಾಕಾಕೆ ಬಂದಿದ್ದೆ ತಂಗಿ. ದಾರಿ ತುಂಬಾ ಹಾಕಿನಿ."

"ಹಾಕ್ರಿ ಅಮ್ಮಾ. ಇನ್ನೂ ಹಾಕ್ರಿ."

"ಆದ್ರೆ ನಿನ್ನ ಅಂಗಡೀಲಿ ನಡೆದಿದ್ದು ನಿನ್ನೆ ಕೇಳ್ದೆ. ಇಷ್ಟು ಗಿರಾಕಿ ಹೋದ್ರೂ ಆ ಬ್ಲೌಸ್ ಯಾರದು ಅಂತ ಬಾಯಿ ಬಿಡಲಿಲ್ಲಂತಲ್ಲ. ಯಾಕ?"

"ಅದು ನಿಮ್ಮ ಮಾತು. ನೀವು ಹೇಳಿದ್ರೆ ಮಾತ್ರ ಹೊರಗೆ ಬರಬೇಕು."

ಗುರುಶಾಂತಮ್ಮ ಅವಳ ತಲೆ ನೇವರಿಸಿದರು. ಆಮೇಲೆ ಆ ಇಬ್ಬರು ಹೆಂಗಸರ ಕಡೆ ತಿರುಗಿದರು.

"ಕೇಳ್ರವ್ವಾ, ಆ ಬ್ಲೌಸ್ ನಂದು. ಕ್ಯಾನ್ಸರ್ ಆಗಿ ಎಡಗಡೆ ತೆಗೆದಾರೆ. ಮಗಳ ಮದುವೆ ನಿಂತೀತು ಅಂತ ಮುಚ್ಚಿಟ್ಟೆ. ಮಗ ನನ್ನ ಮಾನ ಕಾಯಾಕೆ ಹೋಗಿ ತನ್ನ ಮಾನ ಕಳ್ಕೊಂಡ. ಈ ಹುಡುಗಿ ಆಡಿದ್ದು ತಪ್ಪು, ಅದಕ್ಕೆ ಜಾಗ ಮಾಡಿಕೊಟ್ಟಿದ್ದು ನನ್ನ ಹೆದರಿಕೆ. ಇನ್ನು ಮುಚ್ಚಿಡಂಗಿಲ್ಲ. ಹೋಗಿ ಹೇಳ್ರಿ ಊರಿಗೆಲ್ಲಾ."

ಆ ಹೆಂಗಸರು ಕಣ್ಣೊರೆಸಿಕೊಂಡರು. ಆಶಾರಾಣಿಯಂತೂ ನೆಲದ ಮೇಲೇ ಕೂತು ಬಿಕ್ಕುತ್ತಿದ್ದಳು.

"ಏಳು ಈಗ. ಕೈ ಮತ್ತೆ ಬಾತೈತೆ, ಹಳೇ ಬ್ಲೌಸ್ ಬಿಗೀತಾವೆ. ಈ ಸಲ ಮಗನ ಕೈಲಿ ಅಳತೆ ಕಳಿಸಲ್ಲ. ನೀನೇ ತಗೋ."

ಪರದೆ ಎಳೆದು, ಆಶಾರಾಣಿ ಟೇಪ್ ಹಿಡಿದಳು. ಬಟ್ಟೆ ಸರಿದಾಗ ಆ ಹೊಲಿಗೆಯ ಗುರುತು ಕಂಡಿತು. ಕಂಕುಳವರೆಗೂ ಎಳೆದ ಗೆರೆ. ಅದಕ್ಕೆ ತಾಗದಂತೆ ಟೇಪ್ ಸುತ್ತಿದಳು.

"ನೋವು ಐತಾ ಅಮ್ಮಾ?"

"ಮಳೆ ಮೋಡ ಆದ್ರೆ ಸ್ವಲ್ಪ. ಹೊಲಿದು ನೀನೇ ಹರಿಹರಕ್ಕೆ ತಂದುಕೊಡು," ಎಂದರು ಗುರುಶಾಂತಮ್ಮ. "ಅವನ ಜೊತೆ ನೀನೇ ಮಾತಾಡ್ಬೇಕು. ಅದರಲ್ಲಿ ನಾನು ಬರಲ್ಲ."

ಎರಡು ದಿನ ಬಿಟ್ಟು ಆಶಾರಾಣಿ ಹರಿಹರದ ಬಸ್ ಹತ್ತಿದಳು. ತೊಡೆಯ ಮೇಲೆ ನಾಲ್ಕು ಬ್ಲೌಸಿನ ಪೊಟ್ಟಣ. 'ಕೊಟ್ಟು, ಕೈ ಮುಗಿದು ಬಂದುಬಿಡಬೇಕು. ಮುಖ ತೋರಿಸಿದರೂ ಸಾಕು, ಬೈದರೂ ಸಾಕು.'

ಗಿರಣಿಯ ಪಕ್ಕದಲ್ಲೇ ಮನೆ. ಬಾಗಿಲಲ್ಲಿ ಬಕ್ಕೇಶನೇ ನಿಂತಿದ್ದ. ಅಂಗಿಯ ಮೇಲೆಲ್ಲ ತೌಡಿನ ಪುಡಿ.

"ಅವ್ವ ಪೂಜೆಗೆ ಕೂತಾಳೆ," ಎಂದ.

"ಇದನ್ನ ಕೊಟ್ಬಿಡ್ರಿ. ಹೋಗ್ತೀನಿ."

ಅವನು ಪೊಟ್ಟಣ ತೆಗೆದುಕೊಂಡ. ಅವಳು ಎರಡು ಹೆಜ್ಜೆ ಹೋಗಿದ್ದಳು.

"ಅವ್ವ ನಿಮ್ಮನ್ನ ಕ್ಷಮಿಸ್ಯಾಳೆ. ನಾನಿನ್ನೂ ಇಲ್ಲ."

ನಿಂತಳು. "ಗೊತ್ತು."

"ಎಲ್ಲಾರ ಮುಂದೆ ಒಪ್ಕೊಂಡ್ರಿ ಅಂತ ಕೇಳ್ದೆ. ಅದು ಸಣ್ಣ ಮಾತಲ್ಲ. ಆದ್ರೆ ನನಗೆ ಒಂದು ಅರ್ಥ ಆಗ್ತಿಲ್ಲ. ಎಡಗಡೆ ಮಾತ್ರ ಜೇಬು ಯಾಕ ಅಂತ ನಿಮ್ಮಂಥ ಟೈಲರ್‌ಗೆ ಹೊಳೀಲೇ ಇಲ್ವಾ?"

ಹೊಳೆಯಲಿಲ್ಲ ಎಂದರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಿಲ್ಲದ ಆ ಒಂದು ಮಾತು ಅವಳ ಜೊತೆಯೇ ಮಣ್ಣಿಗೆ ಹೋಗುತ್ತಿತ್ತು. ಆಶಾರಾಣಿ ಕಣ್ಣು ಮುಚ್ಚಿಕೊಂಡಳು.

"ಹೊಳೀತಿತ್ತು. ನಾನು ನೆಟ್ಟಗಿದ್ದಿದ್ರೆ ಹೊಳೀತಿತ್ತು. ನೀವು ಅಂಗಡಿಗೆ ಬರೋ ದಿನ ನಾನು ಹೂ ಮುಡ್ಕೊಂಡು ಕೂಡ್ತಿದ್ದೆ ಬಕ್ಕೇಶ್. ನೀವು ಬೇರೆ ಯಾರಿಗೋ ಹೊಲಿಸ್ತೀರಿ ಅಂತ ತಿಳ್ಕೊಂಡು ಉರಿ ಹತ್ತಿತ್ತು. ಕೃತಿಕಾ ಜೊತೆ ಸಂಬಂಧ ಅಂದಾಗ ಇನ್ನೂ ಹತ್ತಿತ್ತು. ಆ ಹುಡುಗಿ ಮೇಲಿನ ಕಾಳಜಿಗೆ ಹೇಳಿದ್ದಲ್ಲ ನಾನು. ಹೊಟ್ಟೆಕಿಚ್ಚಿಗೆ ಹೇಳಿದ್ದು!"

ಬಕ್ಕೇಶ್ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ.

"ಇದು ಯಾರಿಗೆ ಗೊತ್ತೈತೆ?"

"ಯಾರಿಗೂ ಇಲ್ಲ."

"ಮತ್ತೆ ಯಾಕ ಹೇಳಿದ್ರಿ? ಇದು ಕೇಳಿದ್ರೆ ನನ್ನ ಸಿಟ್ಟು ಜಾಸ್ತಿ ಆಗ್ತೈತೆ ಅಂತ ಅನ್ನಿಸಲಿಲ್ವಾ?"

"ಅನ್ನಿಸ್ತು. ಆದ್ರೆ ಅರ್ಧ ತಪ್ಪು ಒಪ್ಕೊಂಡು ಅರ್ಧ ಸೆರಗಲ್ಲಿ ಕಟ್ಕೊಂಡು ನಿಮ್ಮ ಮುಂದೆ ನಿಲ್ಲೋಕೆ ನನ್ನಿಂದ ಆಗಲ್ಲ. ಸಾಕಾಗೈತೆ ನನಗೆ."

ಬಕ್ಕೇಶ್ ಉಸಿರು ಬಿಟ್ಟ. ತಲೆ ಅಲ್ಲಾಡಿಸಿದ. ಅವನ ತುಟಿ ಅಳುವುದೋ ನಗುವುದೋ ತಿಳಿಯದೆ ಒದ್ದಾಡಿತು.

"ಎರಡು ವರ್ಷ... ಹೆಣ್ಣು ಹುಡುಕಿ ಹುಡುಕಿ ಚಪ್ಪಲಿ ಸವೆಸಿದೆ. ಅವತ್ತೇ ಬಾಯಿಬಿಟ್ಟು ಹೇಳಿದ್ರೆ ಆಗ್ತಿರಲಿಲ್ವೇನ್ರಿ?"

"ಟೈಲರ್ ಹುಡುಗಿ ಗಿರಣಿ ಸಾಹುಕಾರ್‍ರಿಗೆ ಹೆಂಗ್ರಿ ಹೇಳ್ತಾಳೆ?"

"ಊರಿಗೆಲ್ಲಾ ಹೇಳಾಕೆ ಬಾಯಿತ್ತು, ನನಗೆ ಹೇಳಾಕೆ ಇರಲಿಲ್ಲ!"

ಆಶಾರಾಣಿ ತಲೆ ತಗ್ಗಿಸಿದಳು. ಕಣ್ಣೀರು ಪಟಪಟ ಬಿತ್ತು. ಬಕ್ಕೇಶನಿಗೆ ಅದನ್ನು ನೋಡಲಾಗಲಿಲ್ಲ. ಮೆಟ್ಟಿಲಿಳಿದು ಹತ್ತಿರ ಬಂದ.

"ಸಿಟ್ಟು ಹೋಗಾಕೆ ನನಗೆ ಟೈಮ್ ಬೇಕು, ಆಶಾ."

ಆಶಾ! ಮೊದಲ ಸಲ...

"ಎಷ್ಟಾದ್ರೂ ತಗೊಳ್ರಿ. ಕಾಯ್ತೀನಿ."

"ಎಲ್ಲಿ ಕಾಯ್ತೀರಿ?"

"ಎಲ್ಲಿ ಅಂದ್ರೆ ಅಲ್ಲಿ. ಈ ಗೇಟ್ ಹೊರಗೆ ನಿಂದ್ರು ಅಂದ್ರೂ ನಿಂದ್ರುತೀನಿ."

"ಗೇಟ್ ಹೊರಗೆ ಯಾಕ?" ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಒಳಗ ಬಂದು ಕಾಯ್ರಿ."

ಅವಳು ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. "ಎಷ್ಟು ದಿನ?"

"ಮಷೀನೂ ತಂದುಬಿಡ್ರಿ," ಎಂದ ಬಕ್ಕೇಶ್, ಅವಳ ಕೈ ಹಿಡಿಯುತ್ತಾ. "ಭಾಳ ದಿನ ಹಿಡಿಯಂಗೈತೆ."